ಹೊಳೆನಡುವಿನ ಸಂಸಾರ

“ತಮ್ಮ ಮನೆ ಎಲ್ಲಿ?” ಎಂದು ಯಾರಾದರೂ ಕೇಳಿದರೆ “ಶ್ರೀರಂಗಪಟ್ಟಣದಲ್ಲಿ” ಎಂದು ಉತ್ತರ ಕೊಡುವುದು ಸುಲಭ, ಆ ಉತ್ತರದ ಫಲವನ್ನು ಅನುಭವಿಸುವುದು ಅಷ್ಟು ಸುಲಭವಲ್ಲ. ಕೇಳಿದವರು ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾರೆ. ಬಳಿಕ, “ಅಂದರೆ, ಕೆಲಸ ಅಲ್ಲಿ, ಸಂಸಾರ ಮೈಸೂರಿನಲ್ಲಿ, ಅಲ್ಲವೇ?” ಎನ್ನುತ್ತಾರೆ. ಇಲ್ಲ ಸ್ವಾಮಿ, ಕೆಲಸ ಪಾಂಡವಪುರದಲ್ಲಿ. ಸಂಸಾರವೇ ಶ್ರೀರಂಗಪಟ್ಟಣದಲ್ಲಿ, ಅದೂ ಕೋಟೆಯ ಒಳಗೆ, ಎಂದು ತಿದ್ದಿದರೆ ಅವರ ಕಣ್ಣಿನಲ್ಲಿ ಕನಿಕರ ಮೂಡುತ್ತದೆ. “ಅಲ್ಲಿ ಜನ ವಾಸವಾಗಿಯೂ ಇರುತ್ತಾರೆಯೇ?” ಎಂದು ಬಾಯಿಬಿಟ್ಟು ಕೇಳಿದ ಪುಣ್ಯಾತ್ಮರೂ ಉಂಟು.

ಅವರನ್ನು ದೂರಿ ಪ್ರಯೋಜನವಿಲ್ಲ. ಕನ್ನಡನಾಡಿನ ಬಹುಮಂದಿಗೆ ಶ್ರೀರಂಗಪಟ್ಟಣಕ್ಕೆ ಬರಲು ಎರಡೇ ಸಂದರ್ಭಗಳು ಒದಗುತ್ತವೆ. ಒಂದು, ಶಾಲೆಯ ಪ್ರವಾಸ; ಎರಡು, ಹಿರಿಯರ ಅಸ್ಥಿವಿಸರ್ಜನೆ. ಮೊದಲನೆಯದರಲ್ಲಿ ಮೇಷ್ಟರ ಸೀಟಿಗೆ ಬೆದರಿ ಸಾಲಾಗಿ ನಿಲ್ಲುತ್ತಾರೆ. ಎರಡನೆಯದರಲ್ಲಿ ಪುರೋಹಿತರ ಗಡಿಬಿಡಿಗೆ ಸಿಕ್ಕಿ ತೋಯ್ದ ಬಟ್ಟೆಯಲ್ಲಿ ನಿಲ್ಲುತ್ತಾರೆ. ಈ ಎರಡರ ನಡುವಣ ನಲವತ್ತು ಐವತ್ತು ವರ್ಷಗಳನ್ನು ಇದೇ ಊರಿನಲ್ಲಿ, ಹಾಲು ಕಾಸಿ, ಬಟ್ಟೆ ಒಗೆದು, ಮಕ್ಕಳ ಮಗ್ಗಿ ಒಪ್ಪಿಸಿಕೊಂಡು ಕಳೆಯುವವರೂ ಇದ್ದಾರೆ ಎಂಬುದು ಪ್ರವಾಸಿಗಳಿಗೆ ಹೊಳೆಯುವುದಿಲ್ಲ.

ಊರು ಚಿಕ್ಕದು. ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಕೂಡುವುದರೊಳಗೆ ಬಿಟ್ಟುಕೊಟ್ಟಿರುವ ನೆಲ ಉದ್ದದಲ್ಲಿ ಸುಮಾರು ಐದು ಕಿಲೋಮೀಟರು, ಅಗಲದಲ್ಲಿ ಒಂದೂವರೆ. ಪಡುವಣ ತುದಿಯಲ್ಲಿ ಕೋಟೆ, ಮೂಡಣ ಕಡೆಗೆ ಗಂಜಾಂ, ಅದರಾಚೆಗೆ ಗುಂಬಜ್, ಕೊನೆಯಲ್ಲಿ ಸಂಗಮ. ಮೈಸೂರು ಹದಿನೈದು ಕಿಲೋಮೀಟರು ದೂರ. ರೈಲು ಹತ್ತಿ ದಿನಪತ್ರಿಕೆಯ ಎರಡು ಪುಟ ತಿರುವುವುದರೊಳಗೆ ಬಂದುಬಿಡುತ್ತದೆ. ಬೆಂಗಳೂರು ಮೂರು ಗಂಟೆಯ ಹಾದಿ. ರೈಲುನಿಲ್ದಾಣವು ಕೋಟೆಯ ಒಳಗೇ ಇರುವುದರಿಂದ, ಗಾಡಿ ಇಳಿದವನು ಐದಾರು ನಿಮಿಷದಲ್ಲಿ ರಂಗನಾಥನ ಗೋಪುರದ ಕೆಳಗಿರುತ್ತಾನೆ. ಅಲ್ಲಿಂದ ಇನ್ನು ಕೆಲವು ಹೆಜ್ಜೆಗೆ ನರಸಿಂಹಸ್ವಾಮಿ, ಗಂಗಾಧರೇಶ್ವರ. ಪೇಟೆಬೀದಿ ಹಿಡಿದು ಹತ್ತು ಹದಿನೈದು ನಿಮಿಷ ನಡೆದರೆ ಎರಡು ಮಿನಾರುಗಳ ಜಾಮಿಯಾ ಮಸೀದಿ. ಬೆಳಗಿನ ಜಾವ ಮಸೀದಿಯ ಬಾಂಗು, ದೇವಸ್ಥಾನದ ಗಂಟೆ, ರೈಲಿನ ಕೂಗು ಇವು ಮೂರೂ ನಮ್ಮ ಮನೆಗೆ ಸರದಿಯಂತೆ ಬಂದು ಹೋಗುತ್ತವೆ. ಗಡಿಯಾರಕ್ಕೆ ಕೀಲಿ ಕೊಡದಿದ್ದರೂ ನಡೆಯುತ್ತದೆ.

ನಮ್ಮ ತಂದೆಯವರು ಅಂಚೆ ಇಲಾಖೆಯಲ್ಲಿದ್ದವರು. ಅವರು ಬಿಟ್ಟುಹೋದ ಎರಡಂಕಣದ ಹೆಂಚಿನ ಮನೆಯಲ್ಲಿ ಈಗ ನಾವು ನಾಲ್ವರು: ತಾಯಿ, ನಾನು, ನನ್ನಾಕೆ, ಐದನೆಯ ತರಗತಿಯ ಮಗಳು. ನನಗೆ ಕಾಲೇಜಿಗೆ ಹೋಗಲು ಬಸ್ಸು ಬೇಕು. ಮಿಕ್ಕ ಮೂವರ ಪ್ರಪಂಚವೆಲ್ಲ ಕಾಲಳತೆಯಲ್ಲಿದೆ. ಮಗಳ ಶಾಲೆಗೆ ಎಂಟು ನಿಮಿಷ, ತರಕಾರಿಗೆ ಆರು, ಔಷಧದ ಅಂಗಡಿಗೆ ಏಳು. ಎಲ್ಲದಕ್ಕಿಂತ ಹತ್ತಿರ ಹೊಳೆ. ನನ್ನ ತಾಯಿಗೆ ಅರುವತ್ತೆಂಟು ವರ್ಷ, ಮಂಡಿನೋವು ಉಂಟು. ಆದರೂ ಬೆಳಗ್ಗೆ ದೇವಸ್ಥಾನಕ್ಕೆ, ಸಂಜೆ ಹೊಳೆಯ ಮೆಟ್ಟಿಲಿಗೆ ಒಬ್ಬರೇ ಹೋಗಿ ಬರುತ್ತಾರೆ. ದಾರಿಯಲ್ಲಿ ಹೂವಿನವಳೊಡನೆ ಹತ್ತು ನಿಮಿಷ, ಮುದ್ದೆಗೆ ರಾಗಿ ಬೀಸಿಕೊಡುವ ಗಿರಣಿಯಾತನೊಡನೆ ಐದು ನಿಮಿಷ. ಹೊರಟಾಗ ಇಲ್ಲದ ಊರಸುದ್ದಿಯೆಲ್ಲ ಹಿಂದಿರುಗಿದಾಗ ಅವರ ಸೆರಗಿನಲ್ಲಿರುತ್ತದೆ.

ಕನ್ನಡ ಎಂ.ಎ. ಓದಿದವನಿಗೆ ಈ ನಡಿಗೆಯಲ್ಲಿ ಇನ್ನೊಂದು ಲಾಭವಿದೆ. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಇಲ್ಲಿಂದಲೇ ಆಳಿದರಷ್ಟೆ. ತಿರುಮಲಾರ್ಯ, ಚಿಕುಪಾಧ್ಯಾಯ, ‘ಮಿತ್ರವಿಂದಾ ಗೋವಿಂದ’ ನಾಟಕವನ್ನು ಬರೆದ ಸಿಂಗರಾರ್ಯ, ಇವರೆಲ್ಲ ಆ ಆಸ್ಥಾನದವರು. ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಹಾಡಿದ ಹೊನ್ನಮ್ಮನೂ ಇದೇ ಬೀದಿಗಳಲ್ಲಿ ತಿರುಗಿರಬೇಕು. ಅವಳಿಗಿಂತ ಮೊದಲೇ, 1648ರಲ್ಲಿ, ಗೋವಿಂದ ವೈದ್ಯನು ‘ಕಂಠೀರವ ನರಸರಾಜ ವಿಜಯ’ದಲ್ಲಿ ಇಲ್ಲಿಯ ನವರಾತ್ರಿಯ ವೈಭವವನ್ನು ವರ್ಣಿಸಿದ್ದಾನೆ. ಈಗ ಜಗತ್ಪ್ರಸಿದ್ಧವಾಗಿರುವ ಮೈಸೂರು ದಸರೆ 1610ರಲ್ಲಿ ರಾಜ ಒಡೆಯರ ಕಾಲದಲ್ಲಿ ಆರಂಭವಾದುದು ಇಲ್ಲಿ. ತರಗತಿಯಲ್ಲಿ ನಾನು ಈ ಕವಿಗಳನ್ನು ಪಾಠ ಹೇಳುವಾಗ ಹುಡುಗರು ಆಕಳಿಸುತ್ತಾರೆ. “ನಿನ್ನೆ ನಾನು ಸೌದೆಡಿಪೋ ಪಕ್ಕದಲ್ಲಿ ನಡೆದು ಬಂದೆನಲ್ಲ, ಆ ಕಡೆಯೇ ಅರಮನೆ ಇದ್ದದ್ದು” ಎಂದರೆ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.

ನಮ್ಮ ಸುತ್ತಣ ತಾಲ್ಲೂಕುಗಳೂ ಈ ವಿಷಯದಲ್ಲಿ ಕಡಿಮೆಯವಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪು.ತಿ.ನ. ಅವರದು, ಕೃಷ್ಣರಾಜಪೇಟೆಯ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರದು, ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರದು; ನಾಗಮಂಗಲದ ಬೆಳ್ಳೂರು ‘ಶ್ರೀ’ಯವರದು. ನಮ್ಮ ಕೋಟೆಯನ್ನು ಕಟ್ಟಿಸಿದವನೂ ನಾಗಮಂಗಲದವನೇ: ತಿಮ್ಮಣ್ಣ ಹೆಬ್ಬಾರನೆಂಬ ಪ್ರಭು, 1454ರಲ್ಲಿ, ತನಗೆ ಸಿಕ್ಕಿದ ನಿಧಿಯಿಂದ, ಎಂದು ಗೆಜೆಟಿಯರು ಹೇಳುತ್ತದೆ. ನಾಗಮಂಗಲದಿಂದ ಬರುವ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ನೆನಪಿಸಿ, ನಮ್ಮ ಮನೆಯಲ್ಲಿ ಕಾಫಿಯನ್ನು ಬಾಡಿಗೆಯ ಬಾಬ್ತು ಎಂದು ಜಮಾ ಮಾಡಿಕೊಳ್ಳುತ್ತಾರೆ.

ಈ ಊರಿನಲ್ಲಿ ಮನುಷ್ಯರು ಮಾತ್ರವಲ್ಲ, ಕಟ್ಟಡವೂ ಒಮ್ಮೆ ನಡೆದಿದೆ. ಬೆಂಗಳೂರು-ಮೈಸೂರು ರೈಲಿಗೆ ಜೋಡಿ ಹಳಿ ಹಾಕುವ ದಾರಿಗೆ ಟಿಪ್ಪುವಿನ ಕಾಲದ ಮದ್ದುಗುಂಡಿನ ಉಗ್ರಾಣವೊಂದು ಅಡ್ಡವಾಗಿತ್ತು. ಕೆಡವುವಂತಿಲ್ಲ, ಬಿಡುವಂತಿಲ್ಲ. ಕೊನೆಗೆ 2017ರಲ್ಲಿ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಯಂತ್ರಗಳ ಮೇಲೆ ಕೂರಿಸಿ, ಅಂಗುಲ ಅಂಗುಲವಾಗಿ ಸರಿಸಿ, ನೂರು ಮೀಟರಿಗೂ ಹೆಚ್ಚು ದೂರ ಒಯ್ದು ನಿಲ್ಲಿಸಿದರು. ಊರಿಗೆ ಊರೇ ನೋಡಲು ನಿಂತಿತ್ತು. ಪಕ್ಕದಲ್ಲಿದ್ದ ಮುದುಕರೊಬ್ಬರು, “ಇದೂ ಮೈಸೂರಿಗೆ ಹೋಗುತ್ತಾ ಇದೆಯೇನಪ್ಪಾ?” ಎಂದರು. ಎಲ್ಲರೂ ನಕ್ಕೆವು.

ನಕ್ಕೆವೇನೋ ನಿಜ, ಆ ಪ್ರಶ್ನೆಯಲ್ಲಿ ಇನ್ನೂರಿಪ್ಪತ್ತು ವರ್ಷಗಳ ಚರಿತ್ರೆಯಿತ್ತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ. ಅದೇ ವರ್ಷ ರಾಜಧಾನಿ ಮೈಸೂರಿಗೆ ಹೋಯಿತು. ಟಿಪ್ಪುವಿನ ಆಳ್ವಿಕೆಯಲ್ಲಿ ಈ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿದ್ದಿತೆಂದು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32,000. ಆಮೇಲೆ ಇಂಗ್ಲಿಷರ ದಂಡು ಇಲ್ಲಿಯ ಚಳಿಜ್ವರಕ್ಕೆ ಹೆದರಿ 1809ರ ಸುಮಾರಿಗೆ ಬೆಂಗಳೂರಿಗೆ ಹೊರಟುಹೋಯಿತು. ಲಾಲ್‌ಬಾಗ್ ಅರಮನೆಯ ಮರಮುಟ್ಟುಗಳು ಕೂಡ ನೀಲಗಿರಿ ಬೆಟ್ಟವನ್ನು ಹತ್ತಿ ಉದಕಮಂಡಲದ ಇಗರ್ಜಿಯೊಂದರ ತೊಲೆಗಳಾದುವು. ಅರಸು, ಸೈನ್ಯ, ದಸರೆ, ತೊಲೆಜಂತೆ ಎಲ್ಲವೂ ಬಿಟ್ಟುಹೋದ ಊರು ಇದು. ಈಚೆಗೆ, 2023ರಲ್ಲಿ, ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ತೆರೆದ ಮೇಲೆ ವಾಹನಗಳೂ ಊರಿನ ಹೊರಗಿನಿಂದಲೇ ಹಾರಿಹೋಗುತ್ತಿವೆ. ನಮ್ಮ ಬೀದಿಯ ತರುಣರೂ ಕೆಲಸ ಸಿಕ್ಕೊಡನೆ ಮೈಸೂರಿನಲ್ಲೊಂದು ನಿವೇಶನ ನೋಡುತ್ತಾರೆ. ಶ್ರೀರಂಗಪಟ್ಟಣವನ್ನು ಬಿಡುವುದಕ್ಕೆ ಇತಿಹಾಸದ ಬೆಂಬಲವಿದೆ. ಇರುವುದಕ್ಕೆ ನಾವೇ ಕಾರಣವನ್ನು ಹುಡುಕಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕಳೆದ ವರ್ಷ ಎದ್ದಿತು. ಎತ್ತಿದವಳು ನನ್ನಾಕೆ. ಅವಳು ಮೈಸೂರಿನವಳು, ಮನೆಯ ಲೆಕ್ಕಪತ್ರವೆಲ್ಲ ಅವಳದೇ. ಆದುದರಿಂದ ವಾದವೂ ಲೆಕ್ಕಪತ್ರದಂತೆಯೇ ಇತ್ತು. ಒಂದು: ಮಗಳು ಬೆಳೆಯುತ್ತಿದ್ದಾಳೆ, ಅವಳಿಗೊಂದು ಕೋಣೆ ಬೇಕು. ಕಟ್ಟೋಣವೆಂದರೆ ಕಾನೂನು ಅಡ್ಡ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟಕೂಡದು. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕೂಡದು. ಈ ಊರಿನಲ್ಲಿ ಯಾವ ದಿಕ್ಕಿಗೆ ಕಲ್ಲೆಸೆದರೂ ಸ್ಮಾರಕಕ್ಕೇ ಬೀಳುತ್ತದೆ. ಎರಡು: ಮಗಳ ಪ್ರೌಢಶಾಲೆ, ಕಾಲೇಜು. ಮೂರನೆಯದನ್ನು ಅವಳು ಮೆಲ್ಲಗೆ ಹೇಳಿದಳು. “ಆ ಶ್ರಾವಣದ ರಾತ್ರಿ ನೆನಪಿದೆಯೇ?”

ನೆನಪಿರದೆ ಏನು? ರಾತ್ರಿ ಒಂದು ಗಂಟೆಯ ಹೊತ್ತಿಗೆ ತಾಯಿಯವರಿಗೆ ಉಸಿರು ಕಟ್ಟಿದಂತಾಗಿ, ಮೂಲೆಮನೆಯ ಆಟೋದವನನ್ನು ಎಬ್ಬಿಸಿ ಮೈಸೂರಿನ ಆಸ್ಪತ್ರೆ ಸೇರುವವರೆಗೆ ಮುಕ್ಕಾಲು ಗಂಟೆ ಹಿಡಿದಿತ್ತು. ದೇವರು ದೊಡ್ಡವನು, ಏನೂ ಆಗಲಿಲ್ಲ. ಆದರೆ ಆ ಮುಕ್ಕಾಲು ಗಂಟೆಯಲ್ಲಿ ಸೇತುವೆ ದಾಟುವಾಗ ಕೆಳಗೆ ಕಪ್ಪಗೆ ಹರಿಯುತ್ತಿದ್ದ ನೀರನ್ನು ನಾನು ನೋಡಿದ್ದೇನೆ. ಅದರ ಮುಂದೆ ಹೊನ್ನಮ್ಮ, ಗೋವಿಂದ ವೈದ್ಯ ಯಾರೂ ನನ್ನ ಪಕ್ಷದ ಸಾಕ್ಷಿ ಹೇಳಲಾರರು.

ಹೀಗಾಗಿ ಒಂದು ಭಾನುವಾರ ನಾಲ್ವರೂ ಮೈಸೂರಿನ ಹೊರವಲಯದ ಹೊಸ ಬಡಾವಣೆಯೊಂದಕ್ಕೆ ಮನೆ ನೋಡಲು ಹೋದೆವು. ಮನೆ ನಿಜಕ್ಕೂ ಚೆನ್ನಾಗಿತ್ತು. ಮೂರು ಕೋಣೆ, ಎರಡು ಬಚ್ಚಲು, ಗಾಳಿ, ಬೆಳಕು. ಮಗಳು ತನ್ನ ಕೋಣೆಯನ್ನು ಆಗಲೇ ಆರಿಸಿಕೊಂಡಳು. ನನ್ನಾಕೆ ಅಡುಗೆಮನೆಯ ಕಟ್ಟೆಯನ್ನು ಎರಡು ಬಾರಿ ಸವರಿ ನೋಡಿದಳು. ದಲ್ಲಾಳಿಯವರು ಬಲು ವಿನಯವಂತರು. “ಎಲ್ಲವೂ ಹತ್ತಿರ ತಾಯೀ. ಅಂಗಡಿ ಐದು ನಿಮಿಷ, ಆಸ್ಪತ್ರೆ ಹತ್ತು ನಿಮಿಷ, ಶಾಲೆ ಹತ್ತು ನಿಮಿಷ” ಎಂದರು.

ನನ್ನ ತಾಯಿ ಸುತ್ತಲೂ ನೋಡಿದರು. ರಸ್ತೆ ಎಷ್ಟು ಅಗಲವಿತ್ತೋ ಅಷ್ಟೇ ಬರಿದಾಗಿತ್ತು. “ನಡೆದುಕೊಂಡು ಹೋದರೋ?” ಎಂದು ಕೇಳಿದರು.

ದಲ್ಲಾಳಿಯವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಗಾಡಿಯಲ್ಲಿ ತಾಯೀ. ಇಲ್ಲಿ ಯಾರೂ ನಡೆಯುವುದಿಲ್ಲ.”

ತಾಯಿಯವರು ಮತ್ತೇನೂ ಹೇಳಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನೇ ವಿಚಾರಿಸಿದೆ. “ಮನೆ ಚೆನ್ನಾಗಿದೆ ಕಣೋ. ನೀವು ಎಲ್ಲಿರುತ್ತೀರೋ ನಾನೂ ಅಲ್ಲಿ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಆಗ ನನ್ನ ತಲೆಗೆ ಒಂದು ಲೆಕ್ಕ ಹತ್ತಿತು. ವಾಹನ ಓಡಿಸಬಲ್ಲ ಆರೋಗ್ಯವಂತ ಗಂಡಸಿಗೆ ಯಾವ ಊರಾದರೂ ಊರೇ. ಆದರೆ ಮನೆಯೆಂದರೆ ಅವನೊಬ್ಬನೇ ಅಲ್ಲ. ಹತ್ತು ವರ್ಷದ ಹುಡುಗಿ ಗೆಳತಿಯ ಮನೆಗೆ ತಾನಾಗಿ ಹೋಗಿ ಬರಬಲ್ಲಳೆ? ಎಪ್ಪತ್ತರ ಹತ್ತಿರದ ಮುದುಕಿ ಮಗನ ಬಿಡುವನ್ನು ಕಾಯದೆ ದೇವರ ಮುಖ ನೋಡಬಲ್ಲಳೆ? ಆ ಚೆಲುವಾದ ಮನೆಯಲ್ಲಿ ನನ್ನ ತಾಯಿ ಸಂಜೆ ಐದು ಗಂಟೆಗೆ ಸೀರೆಯುಟ್ಟು ಸಿದ್ಧವಾಗಿ, ನನ್ನ ಸ್ಕೂಟರಿನ ಸದ್ದಿಗೆ ಕಿವಿಗೊಟ್ಟು ಕುಳಿತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಅವರು ಈವರೆಗೆ ಎಲ್ಲಿಗೂ ಹೋಗಲು ನನ್ನನ್ನು ಕೇಳಿದವರಲ್ಲ. ಹೋಗಿ ಬಂದು ಹೇಳಿದವರು.

ಇದಾದ ಹದಿನೈದು ದಿನಕ್ಕೆ, ರಜೆಯ ದಿನ, ನಿಲ್ದಾಣದ ಬಳಿ ಒಬ್ಬರು ನನ್ನನ್ನು ತಡೆದು ಪಶ್ಚಿಮವಾಹಿನಿಯ ದಾರಿ ಕೇಳಿದರು. ನನ್ನ ವಯಸ್ಸಿನವರೇ, ಬೆಂಗಳೂರಿನಿಂದ ರೈಲಿನಲ್ಲಿ ಬಂದಿದ್ದರು. ಕೈಯಲ್ಲಿ ಕೆಂಪು ವಸ್ತ್ರ ಕಟ್ಟಿದ ಪುಟ್ಟ ಮಡಕೆ. ಈ ಊರಿನವರಿಗೆ ಆ ಮಡಕೆಯ ಪರಿಚಯ ಬೇಕಿಲ್ಲ. ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನೂ 1948ರಲ್ಲಿ ಪಶ್ಚಿಮವಾಹಿನಿಯಲ್ಲಿಯೇ ವಿಸರ್ಜಿಸಿದರು. ನನ್ನ ತಂದೆಯವರನ್ನು ನಾನು ಸಂಗಮಕ್ಕೆ ಒಪ್ಪಿಸಿ ಬಂದೆ. ಆಟೋ ಕರೆಯಲೇ ಎಂದೆ. “ಎಷ್ಟು ದೂರ?” ಎಂದರು. ಅರ್ಧ ಗಂಟೆಯ ನಡಿಗೆ ಎಂದೆ. “ಹಾಗಾದರೆ ನಡೆಯುತ್ತೇನೆ” ಎಂದರು. ಒಬ್ಬರೇ ಇದ್ದುದರಿಂದ ನಾನೂ ಜೊತೆಗೆ ಹೆಜ್ಜೆ ಹಾಕಿದೆ.

ಅರ್ಧ ದಾರಿ ಅವರು ಮಾತಾಡಲಿಲ್ಲ. ಬಳಿಕ ತಾವಾಗಿಯೇ, “ನಮ್ಮ ತಾಯಿ” ಎಂದರು. “ಎಂಟು ವರ್ಷ ನಮ್ಮ ಜೊತೆ ಇದ್ದರು. ಯಾವುದಕ್ಕೂ ಕಡಿಮೆ ಮಾಡಲಿಲ್ಲ ಸಾರ್. ಹಳ್ಳಿಯಲ್ಲಿ ದಿನಕ್ಕೆ ಮೂರು ಮೈಲಿ ನಡೆಯುತ್ತಿದ್ದವರು. ನಮ್ಮ ಕಡೆ ನಡೆಯುವುದಕ್ಕೆ ಜಾಗವಿರಲಿಲ್ಲ.” ಅಷ್ಟೇ. ಆಮೇಲೆ ನೀರಿಗಿಳಿದು, ಪುರೋಹಿತರು ಹೇಳಿದ್ದನ್ನೆಲ್ಲ ಮಾಡಿ, ಮಡಕೆಯನ್ನು ಬಿಟ್ಟರು. ಹಿಂದಿರುಗುವಾಗಲೂ ಆಟೋ ಬೇಡವೆಂದರು.

ರಾತ್ರಿ ಊಟದ ಹೊತ್ತಿನಲ್ಲಿ ಈ ಸಂಗತಿಯನ್ನು ಹೇಳಿದೆ. ತಾಯಿಯವರು, “ಪಾಪ, ಬಿಸಿಲಿನಲ್ಲಿ ಹೋದನೇ? ಎಲ್ಲಿಯಾದರೂ ಊಟ ಮಾಡಿದನೋ ಇಲ್ಲವೋ!” ಎಂದರು. ಅವರಿಗೆ ಕಂಡದ್ದು ಆ ಮಗನ ಹಸಿವು ಮಾತ್ರ. ನನ್ನಾಕೆ ಏನೂ ಹೇಳದೆ ಮಜ್ಜಿಗೆ ಬಡಿಸಿದಳು. ಮರುದಿನ ಬೆಳಗ್ಗೆ, ನಾನು ಬಸ್ಸಿಗೆ ಹೊರಟಾಗ, ಬಾಗಿಲ ಬಳಿ ಬಂದು ನಿಂತಳು.

“ನೋಡಿ, ಕೋಣೆ ಕಟ್ಟುವ ಹಾಗಿಲ್ಲ, ಸರಿ. ಅಟ್ಟವನ್ನು ದುರಸ್ತಿ ಮಾಡುವುದಕ್ಕೆ ಅನುಮತಿ ಕೇಳಬಹುದಲ್ಲ? ಒಂದು ಕಿಟಕಿ, ಒಂದು ಮೇಜು ಹಿಡಿಸಿದರೆ ಮಗು ಓದಿಕೊಳ್ಳುತ್ತಾಳೆ. ಅವಳ ಏಳನೆಯ ತರಗತಿ ಮುಗಿಯುವ ತನಕ ಮೈಸೂರಿನ ಮಾತು ಬೇಡ. ಆಮೇಲೆ ನೋಡೋಣ.”

“ಮೂರನೆಯ ಬಾಬ್ತು?” ಎಂದೆ.

“ಅದಕ್ಕೆ ಉತ್ತರವಿಲ್ಲ” ಎಂದಳು. “ಆಟೋದವರ ನಂಬರನ್ನು ಗೋಡೆಯ ಮೇಲೆ ಬರೆದಿದ್ದೇನೆ. ಅತ್ತೆಯವರ ಮಾತ್ರೆಯನ್ನು ಎರಡು ಕಡೆ ಇಟ್ಟಿದ್ದೇನೆ.”

ಉತ್ತರವಿಲ್ಲದ್ದನ್ನು ಉತ್ತರವಿಲ್ಲವೆಂದು ಹೇಳಿ, ಆದಷ್ಟು ಏರ್ಪಾಟು ಮಾಡಿಕೊಂಡು ಬಾಳುವುದೇ ಸಂಸಾರವೆಂದು ಹಿರಿಯರು ಅಂದುಕೊಂಡಿರಬೇಕು. ಅನುಮತಿಯ ಕಾಗದ ಬರುವುದಕ್ಕೆ ಕೆಲವು ತಿಂಗಳು ಹಿಡಿಯಿತು. ಈಗ ಅಟ್ಟದಲ್ಲಿ ಕಿಟಕಿಯಿದೆ. ಅಲ್ಲಿಂದ ಗೋಪುರದ ಕಳಶ ಕಾಣುತ್ತದೆ, ನಿಜ. ಬೇಸಗೆಯಲ್ಲಿ ಒಲೆಯಂತೆ ಕಾಯುತ್ತದೆ, ಅದೂ ನಿಜ.

ಹೊಳೆಯ ಮಾತನ್ನು ಹೇಳದೆ ಮುಗಿಸಿದರೆ ನನ್ನ ಊರಿನವರು ಒಪ್ಪಲಾರರು. ನಮ್ಮಲ್ಲಿ ಪತ್ರಿಕೆ ಬಂದೊಡನೆ ಮೊದಲು ನೋಡುವುದು ರಾಜಕೀಯವನ್ನಲ್ಲ, ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. 124.80 ಅಡಿ ಎಂದರೆ ಭರ್ತಿ. ಅಕ್ಷರ ಬಾರದವರಿಗೂ ಈ ಅಂಕಿ ಬಾಯಿಪಾಠ. ಕಟ್ಟೆ ತುಂಬಿ ಹೆಚ್ಚುವರಿ ನೀರು ಬಿಟ್ಟರೆ ಹೊಳೆ ಎರಡು ದಡವನ್ನೂ ಮುಟ್ಟಿ ಬರುತ್ತದೆ. 2018ರಲ್ಲಿ, 2019ರಲ್ಲಿ ಹಾಗೆ ಬಂದಾಗ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳಿಗೆ ನೀರು ಬಡಿಯುತ್ತಿದ್ದ ಸದ್ದನ್ನು ಕೇಳುತ್ತ ದಡದಲ್ಲಿ ಊರೆಲ್ಲ ನಿಂತಿದ್ದೆವು. 2023ರಲ್ಲಿ ಕಟ್ಟೆ ತುಂಬಲಿಲ್ಲ. ಬಂಡೆಗಳು ಮೇಲೆದ್ದು ಹೊಳೆ ಎಳೆಎಳೆಯಾಯಿತು. ಸುತ್ತಣ ರೈತರ ಮುಖದಲ್ಲಿ ಅದೇ ಬಿರುಕು. 2025ರಲ್ಲಿ ಜೂನ್ ತಿಂಗಳಲ್ಲಿಯೇ ತುಂಬಿಬಿಟ್ಟಿತು. ತುಂಬಿದ್ದನ್ನೂ ಬತ್ತಿದ್ದನ್ನೂ ಕಾಲಲ್ಲಿ ನಡೆದು ಹೋಗಿ ಕಣ್ಣಾರೆ ಕಾಣುವವರಿಗೆ ಪತ್ರಿಕೆಯ ಅಂಕಿ ಬರೀ ಅಂಕಿಯಾಗಿ ಉಳಿಯುವುದಿಲ್ಲ. ನಮ್ಮ ಮಗಳು ಹೊಳೆಯ ಮೆಟ್ಟಿಲುಗಳನ್ನು ಎಣಿಸಿ ಬಂದು ಮಟ್ಟ ಹೇಳುತ್ತಾಳೆ. ಪತ್ರಿಕೆ ಅದನ್ನು ಮರುದಿನ ಸಮರ್ಥಿಸುತ್ತದೆ.

ವಾಚಕರಲ್ಲಿ ಒಂದು ವಿಜ್ಞಾಪನೆ ಉಂಟು. ತಾವು ನಮ್ಮೂರಿಗೆ ಬಂದೇ ಇರುತ್ತೀರಿ, ಇನ್ನೊಮ್ಮೆ ಬನ್ನಿ. ಆದರೆ ದೇವಸ್ಥಾನದ ಬಾಗಿಲಲ್ಲಿ ಕಾರಿನಿಂದಿಳಿದು, ದರಿಯಾ ದೌಲತ್ತಿನ ಬಾಗಿಲಲ್ಲಿ ಮತ್ತೆ ಇಳಿದು, ಸಂಗಮದಲ್ಲಿ ಮೂರನೆಯ ಬಾರಿ ಇಳಿದು ಹೊರಟುಬಿಡಬೇಡಿ. ರೈಲಿನಲ್ಲಿ ಬನ್ನಿ. ಮಕರ ಸಂಕ್ರಾಂತಿಯ ಸಂಜೆ ದೇವಸ್ಥಾನದಲ್ಲಿ ಲಕ್ಷದೀಪ ಹಚ್ಚುವ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ರಂಗನಾಥನನ್ನು ನೋಡಿಕೊಂಡು ಪೇಟೆಬೀದಿಯಲ್ಲಿ ಮಸೀದಿಯವರೆಗೆ ನಡೆಯಿರಿ. ಟಿಪ್ಪು ಬಿದ್ದ ಜಾಗದ ಕಲ್ಲಿನ ಹತ್ತಿರ ಗಳಿಗೆ ನಿಂತು, ಕೋಟೆಯ ನೀರುಬಾಗಿಲಿನಿಂದ ಹೊಳೆಯ ಕಡೆಗೆ ಇಳಿಯಿರಿ. ದಾರಿ ತಪ್ಪಿದರೆ ಚಿಂತೆಯಿಲ್ಲ. ಹೊಳೆ ಎಲ್ಲ ಕಡೆಯೂ ಇರುವುದರಿಂದ ಈ ಊರಿನಲ್ಲಿ ಬಹಳ ದೂರ ದಾರಿ ತಪ್ಪಲು ಅವಕಾಶವಿಲ್ಲ. ಮೆಟ್ಟಿಲ ಮೇಲೆ ಮಂಡಿಯನ್ನು ನೀವಿಕೊಳ್ಳುತ್ತ ಕುಳಿತ ಮುದುಕಿಯೊಬ್ಬರು ಕಂಡರೆ, ಮಾತಾಡಿಸಿ. ತಮ್ಮ ಹೆಸರು, ಊರು ಕೇಳುವುದಕ್ಕೆ ಮೊದಲು ಅವರು ಕೇಳುವುದು ಒಂದೇ: “ನಡೆದುಕೊಂಡು ಬಂದಿರಾ?” ಹೌದೆಂದರೆ ಕಾಫಿಗೆ ಮನೆಗೆ ಕರೆದುಕೊಂಡು ಬರುತ್ತಾರೆ, ಆರೇ ನಿಮಿಷದ ದಾರಿ.